ಹಾರೆಯೋ ರಾಡಾರೋ: ಜಿಗಣಿಯ ಅಂಗಳದಲ್ಲಿ ಒಂದು ಹೋಲಿಕೆ

ಗಣಿಯ ಚಾವಣಿಯಲ್ಲಿ ಕಳಚಿ ಬೀಳಲು ಕಾದಿರುವ ಕಲ್ಲನ್ನು ಪತ್ತೆಹಚ್ಚಲು ನನ್ನ ಬಳಿ ಇದ್ದದ್ದು ಉದ್ದನೆಯ ಹಾರೆ, ಮತ್ತು ನೆಲದೊಳಗೆ ನೋಡುವ ರಾಡಾರ್‌ಗೆ ಎರಡು ಆಂಟೆನಾ: 400 ಮೆಗಾಹರ್ಟ್ಸ್‌ನದೊಂದು, 1600ರದೊಂದು. ಗಣಿಗೆ ಇಳಿಯುವ ಮೊದಲು ಕೈ ಪಳಗಿಸೋಣವೆಂದು ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುವ ಪರಿಚಿತರ ಅಂಗಳಕ್ಕೆ ಹೋದೆ. 8 ಸೆಂ.ಮೀ. ದಪ್ಪದ ಚಪ್ಪಡಿಯನ್ನೂ 60 ಸೆಂ.ಮೀ. ದಪ್ಪದ ದಿಮ್ಮಿಯನ್ನೂ ಬೇರೆ ಬೇರೆ ಬಂಡೆಗಳ ಮೇಲೆ, ನಡುವೆ 5 ಮಿ.ಮೀ. ಮರದ ಚೂರುಗಳನ್ನಿಟ್ಟು ಕೂರಿಸಿದರು. ಆ ಸಂದಿಯೇ ನಮ್ಮ ಬಿರುಕು; ಚಾವಣಿಯನ್ನೇ ಮಗುಚಿ ನೆಲಕ್ಕಿಟ್ಟಂತಾಯಿತು.

ಹಾರೆ ತಾಗಿದೊಡನೆ ಚಪ್ಪಡಿ ಡಬ್ ಎಂದು ಪೊಳ್ಳು ಸದ್ದು ಮಾಡಿತು. ಕೆ.ಜಿ.ಎಫ್. ಚಿನ್ನದ ಗಣಿ 2001ರಲ್ಲಿ ಮುಚ್ಚುವವರೆಗೂ ಅಲ್ಲಿ ದುಡಿದ ನಮ್ಮ ಬೀದಿಯ ಹಿರಿಯರೊಬ್ಬರು, “ಕಿವಿಯೊಂದೇ ಸಾಲದು, ಅಂಗೈಯನ್ನೂ ಕಲ್ಲಿಗೆ ಒತ್ತಿಕೊಳ್ಳಿ” ಎಂದಿದ್ದರು. ಚಪ್ಪಡಿಯ ನಡುಕ ಅಂಗೈಗೂ ತಿಳಿಯಿತು. ದಿಮ್ಮಿ ಮಾತ್ರ ಅಡಿಯಲ್ಲಿ ಬಿರುಕೇ ಇಲ್ಲವೆಂಬಂತೆ ಖಣ್ ಎಂದಿತು.

400ರ ಆಂಟೆನಾ ತದ್ವಿರುದ್ಧ. ದಿಮ್ಮಿಯಡಿಯ ಬಿರುಕನ್ನು ಗೆರೆ ಎಳೆದಂತೆ ತೋರಿಸಿತು, ಚಪ್ಪಡಿಯದು ಕಾಣಲೇ ಇಲ್ಲ. ಗ್ರಾನೈಟಿನಲ್ಲಿ ರಾಡಾರ್ ಅಲೆ ನ್ಯಾನೊಸೆಕೆಂಡಿಗೆ ಸುಮಾರು 12 ಸೆಂ.ಮೀ. ಸಾಗುತ್ತದೆ, 8 ಸೆಂ.ಮೀ. ಹೋಗಿ ಮರಳಿ ಬರುವಷ್ಟರಲ್ಲಿ ಆಂಟೆನಾ ತನ್ನ ಮಿಡಿತವನ್ನೇ ಮುಗಿಸಿರುವುದಿಲ್ಲ. ತಲೆಗೆ ಅತಿ ಹತ್ತಿರದ ಕಲ್ಲಿಗೇ ಇದು ಕುರುಡು! 1600ರದು ಚಪ್ಪಡಿಯನ್ನು ಚೆನ್ನಾಗಿ ಹಿಡಿದರೂ ದಿಮ್ಮಿಯ ಹೊತ್ತಿಗೆ ಮಸುಕಾಯಿತು.

ನಾನು ಎಡವಿದ್ದು ನೀರಿನಲ್ಲಿ. ಬಿರುಕಿಗೆ ಒಂದು ಕೊಡ ನೀರು ಸುರಿದೊಡನೆ ಗೆರೆ ಇನ್ನಷ್ಟು ಉಜ್ವಲವಾಯಿತು. ಪ್ರಖರ ಗೆರೆ ಎಂದರೆ ದೊಡ್ಡ ಬಿರುಕು ಎಂದು ಅಲ್ಲಿಯವರೆಗೆ ನಂಬಿದ್ದೆ. ಬಿರುಕು ಅದೇ 5 ಮಿ.ಮೀ. ಇತ್ತು, ಕಲ್ಲಿಗೂ ನೀರಿಗೂ ಇರುವ ವಿದ್ಯುತ್ ಗುಣದ ಅಂತರ ಗಾಳಿಯದಕ್ಕಿಂತ ಬಹಳ ಹೆಚ್ಚು, ಅಷ್ಟೇ.

ಒಂದೇ ಆಂಟೆನಾ ಕೊಳ್ಳುವುದಾದರೆ ನಾನು 400ರದನ್ನೇ ಕೊಳ್ಳುತ್ತೇನೆ. ಕಲ್ಲು ಕಳಚದಂತೆ ಹಿಡಿದಿಡಲು 1.8 ಮೀಟರಿನ ಬೋಲ್ಟ್ (ಕಲ್ಲಿನೊಳಗೆ ಕೂರಿಸುವ ಉಕ್ಕಿನ ಸರಳು) ಹೊಡೆದ ಚಾವಣಿಯಲ್ಲಿ, ಬಿರುಕು ಬೋಲ್ಟಿನ ತುದಿಗಿಂತ ಮೇಲಿದ್ದರೆ ಬೋಲ್ಟೂ ಕಲ್ಲಿನ ಜೊತೆಗೇ ಬೀಳುತ್ತದೆ. ಅಷ್ಟು ಮೇಲಿನದು ಹಾರೆಗೆ ಕೇಳಿಸುವುದಿಲ್ಲ. ಚಾವಣಿಗೆ ಉಕ್ಕಿನ ಜಾಲರಿ ಬಿಗಿದಿದ್ದರೆ ಮಾತ್ರ ರಾಡಾರ್ ಚಿತ್ರವೆಲ್ಲ ಕಲಸುಮೇಲೋಗರ.

ಆದರೂ ಮೊದಲ ಸರದಿ ಹಾರೆಯದೇ. ಅದನ್ನು ಗಟ್ಟಿ ಚಾವಣಿಯಡಿ ನಿಂತು ಮುಂದಕ್ಕೆ ಚಾಚಬಹುದು. ಆಂಟೆನಾವನ್ನು ಕಲ್ಲಿಗೆ ಅಂಟಿಸಿ ಹಿಡಿಯಬೇಕಾದವನು ನಿಲ್ಲಬೇಕಾದದ್ದು ಆ ಕಲ್ಲಿನ ಕೆಳಗೇ.