ಡಿಎನ್‌ಎಸ್‌ಪೈಥಾನ್: ಮೂರು ವರ್ಷ ಬಳಸಿದ ಮೇಲೆ

ಪುಣೆಯ ಕೋಥ್ರುಡ್‌ನ ನಮ್ಮ ಮನೆಯಲ್ಲಿ ಒಂದು ರಾಸ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಇದೆ. ಮಗಳ ಫೋಟೋಗಳೆಲ್ಲ ಅದರಲ್ಲೇ. ಧಾರವಾಡದಲ್ಲಿರುವ ಅವ್ವ ಅವನ್ನು ಮೊಬೈಲ್‌ನಲ್ಲಿ ನೋಡುತ್ತಾಳೆ. ರೌಟರ್ ಆಫ್ ಆಗಿ ಆನ್ ಆದಾಗಲೆಲ್ಲ ನಮ್ಮ ಐಪಿ ವಿಳಾಸ ಬದಲಾಗುತ್ತದೆ. ಹೊಸ ವಿಳಾಸವನ್ನು ನನ್ನ ಬಾಡಿಗೆ ಸರ್ವರ್‌ನಲ್ಲಿರುವ ಬೈಂಡ್‌ಗೆ (ಹೆಸರು ಕೇಳಿದರೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ತಂತ್ರಾಂಶ) ತಿಳಿಸುವ ಕೆಲಸ ಡಿಎನ್‌ಎಸ್‌ಪೈಥಾನ್ ಎಂಬ ಪೈಥಾನ್ ಲೈಬ್ರರಿಯದು.

ಮೊದಲು ಇದಕ್ಕೆ ಒಂದು ಪುಕ್ಕಟೆ ಸೇವೆ ಬಳಸುತ್ತಿದ್ದೆ. ಅದರ ಲಿಂಕ್‌ನಲ್ಲೇ ಟೋಕನ್ (ಪಾಸ್‌ವರ್ಡ್‌ನಂಥ ಗುಟ್ಟಿನ ಪದ) ಇತ್ತು. ಅದು ಲಾಗ್ ಫೈಲಿನಲ್ಲೂ ಹಾಗೇ ಬಿದ್ದಿರುತ್ತಿತ್ತು. ಇಲ್ಲಿ ಹಾಗಲ್ಲ. 1997ರ ಆರ್‌ಎಫ್‌ಸಿ 2136 (ಡಿಎನ್‌ಎಸ್ ಅಪ್‌ಡೇಟ್‌ನ ಇಂಟರ್ನೆಟ್ ಮಾನದಂಡ) ಹೇಳಿದ ರೀತಿಯಲ್ಲೇ ಅಪ್‌ಡೇಟ್ ಹೋಗುತ್ತದೆ, ಅದಕ್ಕೆ ಟಿಸಿಗ್ ಸಹಿ (ನಮಗೂ ಸರ್ವರ್‌ಗೂ ಮಾತ್ರ ಗೊತ್ತಿರುವ ಕೀಯಿಂದ ಹಾಕುವ ಡಿಜಿಟಲ್ ಸಹಿ) ಇರುತ್ತದೆ. ಗುಟ್ಟಿನ ಕೀ ಮಾತ್ರ ಸಂದೇಶದ ಜೊತೆ ಹೋಗುವುದಿಲ್ಲ. ಕೋಡ್ ಹದಿನೈದು ಸಾಲೂ ಇಲ್ಲ. ರಿಪ್ಲೇಸ್ ಅಂದರೆ ಸಾಕು, ಹಳೇ ವಿಳಾಸ ತೆಗೆದು ಹೊಸದು ಹಾಕುವುದು ಒಂದೇ ಸಂದೇಶದಲ್ಲಿ ಮುಗಿಯುತ್ತದೆ.

ನನ್ನನ್ನು ಕಾಡಿದ್ದು ಗಡಿಯಾರ. ಇಲ್ಲಿ ಗುರುವಾರ ಕರೆಂಟ್ ಹೋಗುವುದು ಎಲ್ಲರಿಗೂ ಗೊತ್ತು, ಅಲ್ವಾ? ಒಂದು ಗುರುವಾರ ಸಂಜೆ ಅವ್ವನ ಫೋನ್ ಬಂತು: "ತಮ್ಮಾ, ಫೋಟೋ ಬರವಲ್ದಲ್ಲೋ." ಪೈ 3ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಬಂದಾಗ ಅದು ಹಳೇ ಸಮಯದಿಂದಲೇ ಏಳುತ್ತದೆ. ಟಿಸಿಗ್ ಸಹಿಯೊಳಗೆ ಸಮಯವೂ ಸೇರಿರುತ್ತದೆ. ಸಾಮಾನ್ಯವಾಗಿ 300 ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸರ್ವರ್ ಒಪ್ಪುವುದಿಲ್ಲ. ಹಳೇ ಸಂದೇಶವನ್ನು ಕದ್ದು ಮತ್ತೆ ಕಳಿಸಬಾರದು ಅಂತಲೇ ಈ ಏರ್ಪಾಡು, ಹಾಗಾಗಿ ಸರ್ವರ್ ಮಾಡಿದ್ದು ಸರಿಯೇ. ತಪ್ಪು ನನ್ನ ಸ್ಕ್ರಿಪ್ಟಿನದು. ಅಪ್‌ಡೇಟ್ ಆಗುವ ಮೊದಲೇ ಹೊಸ ವಿಳಾಸವನ್ನು ಫೈಲಿನಲ್ಲಿ ಬರೆದುಕೊಳ್ಳುತ್ತಿತ್ತು. ಆಮೇಲೆ "ಏನೂ ಬದಲಾಗಿಲ್ಲ" ಅಂತ ಸುಮ್ನೆ ಕೂತಿತ್ತು. ಈಗ ಎನ್‌ಟಿಪಿಯಿಂದ (ಇಂಟರ್ನೆಟ್‌ನಿಂದ ಗಡಿಯಾರ ಸರಿಮಾಡುವ ವ್ಯವಸ್ಥೆ) ಸಮಯ ಸರಿಹೋಗುವವರೆಗೆ ಕಾಯಿಸುತ್ತೇನೆ, ಅಪ್‌ಡೇಟ್ ಆದ ಮೇಲಷ್ಟೇ ಫೈಲ್ ಬರೆಯುತ್ತೇನೆ.

ಇನ್ನೊಂದು ವಿಷಯ ದಯವಿಟ್ಟು ಗಮನಿಸಿ. ಸಮಯ ತಪ್ಪಿದರೆ ಲೈಬ್ರರಿ ಎಕ್ಸೆಪ್ಶನ್ (ತಪ್ಪಾಗಿದೆ ಅನ್ನುವ ಸೂಚನೆ) ಎಸೆಯುತ್ತದೆ. ಆದರೆ ಸರ್ವರ್ "ರೆಫ್ಯೂಸ್ಡ್" ಅಂದರೆ ಎಸೆಯುವುದಿಲ್ಲ, ಉತ್ತರವನ್ನು ಹಾಗೇ ಕೈಗೆ ಕೊಡುತ್ತದೆ. ಉತ್ತರದಲ್ಲಿರುವ ಆರ್‌ಕೋಡ್ (ಕೆಲಸ ಆಯಿತೋ ಇಲ್ಲವೋ ಹೇಳುವ ಸಂಕೇತ) ನಾವೇ ನೋಡಬೇಕು. ಹೊಸಬರಿಗಾಗಿ ಇದನ್ನು ಇನ್ನೂ ದೊಡ್ಡದಾಗಿ ಬರೆದಿಡಬೇಕಿತ್ತು ಅಂತ ನನಗೆ ಅನಿಸುತ್ತದೆ.

ಬೈಂಡ್‌ನ ಅಪ್‌ಡೇಟ್ ಪಾಲಿಸಿಯಲ್ಲಿ ಈ ಕೀಗೆ ಒಂದೇ ಹೆಸರಿನ ಎ ರೆಕಾರ್ಡ್ (ಹೆಸರಿಗೆ ಐಪಿ ವಿಳಾಸ ಹೇಳುವ ದಾಖಲೆ) ಬದಲಿಸಲು ಮಾತ್ರ ಅನುಮತಿ ಕೊಟ್ಟಿದ್ದೇನೆ. ಪೈ ಯಾರ ಕೈಗೆ ಸಿಕ್ಕರೂ ಉಳಿದ ಡೊಮೇನ್ ಮುಟ್ಟಲು ಆಗುವುದಿಲ್ಲ. ಟಿಟಿಎಲ್ (ಬೇರೆ ಸರ್ವರ್‌ಗಳು ಆ ವಿಳಾಸ ನೆನಪಿಟ್ಟುಕೊಳ್ಳಬಹುದಾದ ಸಮಯ) 60 ಸೆಕೆಂಡ್ ಇಟ್ಟಿದ್ದೇನೆ.

ಶುರು ಮಾಡುವ ಮೊದಲು ರೌಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ ನೋಡಿಕೊಳ್ಳಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ (ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ. ಆಗ ಹೆಸರು ಎಷ್ಟು ಸಲ ಅಪ್‌ಡೇಟ್ ಮಾಡಿದರೂ ಹೊರಗಿನಿಂದ ಮನೆಯ ಪೈ ಸಿಗುವುದಿಲ್ಲ.