ಮೌಂಟ್ ಅಮನಮ್ ಬೆಟ್ಟ ಹತ್ತಿ ಬಂದೆವು: ಹೋಗುವವರಿಗೆ ಒಂದಿಷ್ಟು ವಿವರ

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಬಂದು ಒಂಬತ್ತು ವರ್ಷ ಆಗಿತ್ತು. ಅಡುಗೆಮನೆ ಕಿಟಕಿಯಿಂದ ದಿನಾ ಈ ಬೆಟ್ಟ ಕಾಣುತ್ತದೆ, ತುದಿಯಲ್ಲಿ ಚೌಕನೆಯ ಒಂದು ಕಾಂಕ್ರೀಟ್ ಕಟ್ಟಡ. ಅಷ್ಟು ದಿನ ಅಲ್ಲಿಗೆ ಹೋಗುವಂತಿರಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಕೊನೆಗೂ ಜನರಿಗೆ ತೆರೆದರು. ತೆರೆದ ಹೊಸದರಲ್ಲೇ ಒಂದು ಶನಿವಾರ ನಾವು ಹದಿನಾಲ್ಕು ಜನ ಹೋಗಿದ್ದೆವು. ಹತ್ತಕ್ಕೆ ಒಂಬತ್ತು ಅಂಕ ಕೊಡುತ್ತೇನೆ.

ಮೇಲಿನವರೆಗೂ ಕಾರು ಹೋಗುತ್ತದೆ. ಆದರೂ ನಡೆಯಲು ಆಗುವವರು ದಯವಿಟ್ಟು ನಡೆದೇ ಹೋಗಿ. ಬಾಲ್ಡ್ ಮೌಂಟನ್ ಪಾರ್ಕಿಂಗ್‌ನಿಂದ ತುದಿಗೆ 3.7 ಮೈಲಿ, ಸುಮಾರು 6 ಕಿಲೋಮೀಟರ್. ಏರು ಇದೆ, ಆದರೆ ಹಾದಿಯನ್ನು ಬಳಸಿ ಬಳಸಿ ಎಷ್ಟು ಚೆನ್ನಾಗಿ ಕಡಿದಿದ್ದಾರೆ ಅಂದರೆ ನಮ್ಮ ಜೊತೆಗಿದ್ದ ಎಂಟು ವರ್ಷದ ಹುಡುಗಿಯೂ ಎಲ್ಲೂ ಹಟ ಮಾಡದೆ ಹತ್ತಿದಳು. ಜಾಸ್ತಿ ದೂರ ನೆರಳಿದೆ. ಮಡ್ರೋನ್ ಅನ್ನೋ ಮರ ನೋಡಿ, ತೊಗಟೆ ಸುಲಿದು ಒಳಗೆ ನುಣ್ಣಗೆ, ಥೇಟ್ ನಮ್ಮ ಸೀಬೆ ಮರದ ಹಾಗೆ, ಬಣ್ಣ ಮಾತ್ರ ಕೆಂಪು. ಇನ್ನೊಂದು ಮರದ ಎಲೆ ಕಿವುಚಿದರೆ ಪಲಾವ್ ಎಲೆಯ ವಾಸನೆ, ಆದರೆ ಅದಕ್ಕಿಂತ ತುಂಬಾ ಘಾಟು. ನಡುವೆ ಗ್ವಾಡಲೂಪೆ ಹಳ್ಳ ಹುಟ್ಟುವ ಜಾಗ ಸಿಗುತ್ತದೆ. ಊರ ನಡುವೆ ಡೌನ್‌ಟೌನ್‌ನಲ್ಲಿ ಹರಿಯುವ ನದಿಗೆ ಹೋಗಿ ಸೇರುವ ನೀರು ಇದೇ ಅಂತ ಮಕ್ಕಳಿಗೆ ತೋರಿಸಿದಾಗ ಅವರು ಅಲ್ಲಿಂದ ಕದಲಲೇ ಇಲ್ಲ.

ಮೂರು ಮೂರು ಎಲೆ ಇರುವ ಪಾಯ್ಸನ್ ಓಕ್ ಗಿಡ ನಾವು ಹೋದಾಗ ಕೆಂಪಾಗಿತ್ತು, ನೋಡಲು ಚೆಂದ, ಮುಟ್ಟಿದರೆ ಮೈಯೆಲ್ಲ ತುರಿಕೆ. ಮಕ್ಕಳಿಗೆ ಮೊದಲೇ ಹೇಳಿಡಿ. ಸೈಕಲ್‌ನವರೂ ಕುದುರೆಯವರೂ ಇದೇ ಹಾದಿಯಲ್ಲಿ ಬರುತ್ತಾರೆ, ತಿರುವಿನಲ್ಲಿ ಗುಂಪಾಗಿ ನಿಲ್ಲಬೇಡಿ. ನಾಯಿ ಕರೆದುಕೊಂಡು ಹೋಗುವಂತಿಲ್ಲ.

ನಮ್ಮ ಅತ್ತೆ-ಮಾವ ತಿಪಟೂರಿನಿಂದ ಬಂದಿದ್ದರು, ಮಾವನಿಗೆ ಮಂಡಿನೋವು. ಅವರಿಬ್ಬರನ್ನೂ, ಜೊತೆಗೆ ಚಿತ್ರಾನ್ನದ ಡಬ್ಬಿಗಳನ್ನೂ, ಒಂದು ಕಾರಿನಲ್ಲಿ ಮೇಲಕ್ಕೆ ಕಳಿಸಿದೆವು. ರಸ್ತೆ ಕಡಿದಾಗಿದೆ, ತಿರುವು ಜಾಸ್ತಿ, ಅತ್ತೆಗೆ ಹೊಟ್ಟೆ ತೊಳಸಿತಂತೆ. ಮೇಲಿನ ಪಾರ್ಕಿಂಗ್‌ನಿಂದ ತುತ್ತತುದಿಗೆ ಮೆಟ್ಟಿಲು ಹತ್ತಬೇಕು. ಮಾವ ನಿಂತು ನಿಂತು ಹತ್ತಿದರು.

ಎತ್ತರ 3,486 ಅಡಿ. ನಂದಿ ಬೆಟ್ಟಕ್ಕಿಂತ ಕಡಿಮೆಯೇ, ಆದರೆ ಸಮುದ್ರ ಮಟ್ಟದ ಊರಿನ ಪಕ್ಕ ಎದ್ದು ನಿಂತಿರುವುದರಿಂದ ನೋಟ ದೊಡ್ಡದು. ಒಂದು ಕಡೆ ಇಡೀ ಸ್ಯಾನ್ ಹೊಸೆ, ಆಚೆ ಲಿಕ್ ವೀಕ್ಷಣಾಲಯ ಇರುವ ಮೌಂಟ್ ಹ್ಯಾಮಿಲ್ಟನ್, ಇನ್ನೊಂದು ಕಡೆ ಮಾಂಟೆರೆ ಕೊಲ್ಲಿ. ಗಾಳಿ ಮಾತ್ರ ವಿಪರೀತ, ಸ್ವೆಟರ್ ಬೇಕೇ ಬೇಕು.

ಆ ಚೌಕನೆಯ ಕಟ್ಟಡ ರೇಡಾರ್ ಗೋಪುರ. ರಷ್ಯಾದ ವಿಮಾನ ಬಂದೀತು ಅಂತ ಕಾಯಲು 1950ರ ದಶಕದ ಕೊನೆಯಿಂದ 1980ರವರೆಗೆ ಇಲ್ಲಿ ಅಮೆರಿಕದ ವಾಯುಪಡೆ ಇತ್ತು, ಮನೆ ಮಠ ಎಲ್ಲ ಕಟ್ಟಿಕೊಂಡು. ಅವರು ಹೋದಮೇಲೆ ಕಲ್ನಾರು (ಆಸ್ಬೆಸ್ಟಾಸ್), ಸೀಸದ ಬಣ್ಣದಂಥ ವಿಷ ತುಂಬಿದ ಹಾಳು ಕಟ್ಟಡಗಳು ಉಳಿದವು. 1986ರಲ್ಲಿ ಮಿಡ್‌ಪೆನ್ ಎಂಬ ಸಾರ್ವಜನಿಕ ಸಂಸ್ಥೆ ಜಾಗ ಕೊಂಡರೂ, ಅದನ್ನೆಲ್ಲ ಕೆಡವಿ ತೆರವು ಮಾಡಿ ಜನರನ್ನು ಬಿಡಲು ಮೂವತ್ತು ವರ್ಷ ಬೇಕಾಯಿತು. ಇಷ್ಟು ತಾಳ್ಮೆಯಿಂದ ಒಂದು ಬೆಟ್ಟವನ್ನು ವಾಪಸ್ ಕೊಡುವುದು ಸಣ್ಣ ಕೆಲಸ ಅಲ್ಲ, ಅಲ್ವಾ? ಅದೂ ಪ್ರವೇಶಕ್ಕೆ ಒಂದು ಪೈಸೆ ತೆಗೆದುಕೊಳ್ಳದೆ.

ವಾಯುಪಡೆಗಿಂತ ಎಷ್ಟೋ ಹಿಂದಿನಿಂದ ಇದು ಇಲ್ಲಿನ ಮೂಲನಿವಾಸಿಗಳಾದ ಅಮಾ ಮುತ್ಸುನ್ ಜನರ ಪವಿತ್ರ ಬೆಟ್ಟ. ಅಮನಮ್ ಅಂದರೆ ಹಮ್ಮಿಂಗ್‌ಬರ್ಡ್ ಕೂರುವ ಜಾಗ. ನಮ್ಮ ಸೂರಕ್ಕಿಯ ಹಾಗೆ ಹೂವಿನ ರಸ ಹೀರುವ ಪುಟ್ಟ ಹಕ್ಕಿ ಅದು. ತುದಿಯಲ್ಲಿ ಅವರ ಪ್ರಾರ್ಥನೆಗೆಂದು ಕಲ್ಲಿನ ವೃತ್ತ ಮಾಡಿದ್ದಾರೆ. ನಾನು ಮಾವನಿಗೆ ಇದನ್ನು ಹೇಳಿದೆ. "ಗುಡಿ ಇಲ್ಲದ ಬೆಟ್ಟ ಅಂದ್ಕೊಂಡಿದ್ದೆನಮ್ಮ" ಅಂದರು. ಬೂಟು ಬಿಚ್ಚಿಟ್ಟು, ವೃತ್ತದ ಹೊರಗೇ ಸ್ವಲ್ಪ ಹೊತ್ತು ಕೈಮುಗಿದು ನಿಂತರು. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ನಮ್ಮ ಹುಡುಗರೂ ಸುಮ್ಮನಾದರು.

ಒಂದು ಅಂಕ ಕಡಿಮೆ ಮಾಡಿದ್ದು ಪಾರ್ಕಿಂಗ್‌ಗೆ. ಹೊಸದು ಅಂತ ಆಗ ಎಲ್ಲರೂ ಬರುತ್ತಿದ್ದರು. ನಾವು ಏಳೂವರೆಗೆ ತಲುಪಿದ್ದಕ್ಕೆ ಜಾಗ ಸಿಕ್ಕಿತು, ಇಳಿದು ಬರುವಾಗ ಕಾರುಗಳು ಕಾಯುತ್ತಾ ನಿಂತಿದ್ದವು. ನೀರು ಮನೆಯಿಂದಲೇ ಒಯ್ಯಿರಿ, ತಲಾ ಎರಡು ಲೀಟರ್ ಆದರೂ ಇರಲಿ. ನಮ್ಮಲ್ಲಿ ಇಬ್ಬರು ಒಂದೊಂದು ಬಾಟಲಿ ತಂದು ಅರ್ಧ ದಾರಿಯಲ್ಲೇ ಮುಗಿಸಿಕೊಂಡರು. ಸುಮಾರು ಕಡೆ ಫೋನಿಗೆ ಸಿಗ್ನಲ್ ಸಿಗಲಿಲ್ಲ, ಹಾಗಾಗಿ ಎರಡು ಗುಂಪಾಗಿ ಹೋಗುವವರು ಎಲ್ಲಿ, ಎಷ್ಟು ಹೊತ್ತಿಗೆ ಸೇರುವುದು ಅಂತ ಮನೆಯಲ್ಲೇ ಮಾತಾಡಿಕೊಳ್ಳಿ.

ಮಾರ್ಚ್‌ನಲ್ಲಿ ಹೂ ಬಿಡುವ ಹೊತ್ತಿಗೆ ಇನ್ನೊಮ್ಮೆ ಹೊರಡುತ್ತೇವೆ. ಬರುವವರು ಹೇಳಿ, ಹಿರಿಯರಿಗೆ ಕಾರಿನಲ್ಲಿ ಜಾಗ ಇದೆ.