ಬೆಳಿಗ್ಗೆ ಬೆರಳು ಬಿಗಿಯುತ್ತಿದ್ದರೆ ‘ಏನೂ ಇಲ್ಲ’ ಎಂಬ ಮಾತು ನಂಬಿ ಕೂರಬೇಡಿ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಸಣ್ಣ ಅಡಿಕೆ ತೋಟ, ಹಟ್ಟಿಯಲ್ಲಿ ಎರಡು ದನ. ಹೋದ ವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹಾಲು ಕರೆಯಲು ಕೂತರೆ ಬೆರಳು ಮಡಚಲೇ ಇಲ್ಲ. ಎರಡೂ ಕೈಯ ಗಂಟುಗಳು ಬಿಗಿದುಕೊಂಡಿದ್ದವು. ಬಿಸಿನೀರಲ್ಲಿ ಅದ್ದಿ, ಒಂದೂವರೆ ಗಂಟೆ ಕಳೆದ ಮೇಲೆ ಸ್ವಲ್ಪ ಸಡಿಲವಾಯಿತು. ಹನ್ನೊಂದು ಗಂಟೆಗೆ ಕಾಯಿ ತುರಿಯಲೂ ಆಗುತ್ತಿತ್ತು. ಮರುದಿನ ಮತ್ತೆ ಅದೇ.

ಒಂದು ತಿಂಗಳು ಎಣ್ಣೆ ತಿಕ್ಕಿ ನೋಡಿದೆ. ಆಮೇಲೆ ಮಂಗಳೂರಿಗೆ ಹೊರಟೆವು. ನಮ್ಮ ಕಡೆಯವರಿಗೆ ದೊಡ್ಡ ಡಾಕ್ಟರ್ ಅಂದರೆ ಮಂಗಳೂರೇ ಅಲ್ವಾ. 2020ರಲ್ಲಿ ಕೊರೊನಾ ಅಂತ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ.

ಬೆಳಿಗ್ಗೆ ಆರರ ಬಸ್ಸು, ಕುಂಬಳೆಯಲ್ಲಿ ಇಳಿದು ಇನ್ನೊಂದು. ಟೋಕನ್ ತೆಗೆದು ಕೂತೆವು. ಒಳಗೆ ಕರೆದಾಗ ಹನ್ನೆರಡೂವರೆ. ಅಷ್ಟು ಹೊತ್ತಿಗೆ ನನ್ನ ಬೆರಳು ಸಡಿಲವಾಗಿತ್ತು. ಮೂಳೆ ತಜ್ಞರು ಎಕ್ಸ್‌ರೇ ನೋಡಿದರು, ಊರಲ್ಲೇ ಮಾಡಿಸಿ ತಂದಿದ್ದ ರಕ್ತದ ರಿಪೋರ್ಟ್ ನೋಡಿದರು. ಗಂಟುವಾತ ಉಂಟಾ ಅಂತ ನೋಡುವ ಆರ್‌ಎ ಫ್ಯಾಕ್ಟರ್ ಪರೀಕ್ಷೆಯೂ ಅದರಲ್ಲಿತ್ತು. ನನ್ನ ಕೈಯನ್ನು ಒಮ್ಮೆಯೂ ಮುಟ್ಟಲಿಲ್ಲ. “ಬೆಳಿಗ್ಗೆ ಮಾತ್ರ ಡಾಕ್ಟ್ರೇ” ಅಂತ ಶುರು ಮಾಡಿದರೆ ಕೈ ಅಡ್ಡ ಹಿಡಿದರು. ನನ್ನ ಗಂಡನ ಕಡೆ ತಿರುಗಿ, “ಆರ್‌ಎ ಫ್ಯಾಕ್ಟರ್ ನೆಗೆಟಿವ್ ಉಂಟು, ಏನೂ ಇಲ್ಲ. ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಇದ್ದದ್ದೇ. ಇವರಿಗೆ ಟೆನ್ಷನ್ ಜಾಸ್ತಿ” ಅಂದರು. ನೋವಿನ ಮಾತ್ರೆ, ಕ್ಯಾಲ್ಸಿಯಂ ಬರೆದುಕೊಟ್ಟರು. ನಾಲ್ಕು ನಿಮಿಷವೂ ಆಗಿರಲಿಲ್ಲ.

ಆ ಒಂದು ಮಾತು ಮನೆಗೆ ಬಂದು ಕೂತಿತು. ಬೆಳಿಗ್ಗೆ ಲೋಟ ಕೈಜಾರಿ ಬಿದ್ದರೆ ಅತ್ತೆ, “ಡಾಕ್ಟರೇ ಏನೂ ಇಲ್ಲ ಅಂದಿದ್ದಾರಲ್ಲ” ಅನ್ನುತ್ತಿದ್ದರು. ನನಗೂ ನನ್ನ ಮೇಲೇ ಸಂಶಯ ಬಂತು. ಸುಮ್ನೆ ಮಾತ್ರೆ ನುಂಗುತ್ತಾ ಏಳು ತಿಂಗಳು ಕಳೆದೆ. ಹೊಟ್ಟೆ ಉರಿ ಬೇರೆ ಶುರುವಾಯಿತು.

ಆ ಹೊಟ್ಟೆ ಉರಿಗೆಂದೇ ಊರಿನ ಡಾಕ್ಟರಮ್ಮನ ಹತ್ತಿರ ಹೋದದ್ದು. ನೋವಿನ ಮಾತ್ರೆ ಯಾಕೆ ಅಂತ ಕೇಳಿದರು. ನನ್ನ ಕೈ ಹಿಡಿದು ಒಂದೊಂದೇ ಗಂಟು ಒತ್ತಿ ನೋಡಿದರು. “ಬೆಳಿಗ್ಗೆ ಎಷ್ಟು ಹೊತ್ತು ಬಿಗಿ ಇರ್ತದೆ?” ಆ ಪ್ರಶ್ನೆ ಕೇಳಿ ನನಗೆ ಅಳು ಬಂತು. ಗಂಟುವಾತ ಪತ್ತೆಗೆ ಆ್ಯಂಟಿ ಸಿಸಿಪಿ ಅಂತ ಇನ್ನೊಂದು ರಕ್ತಪರೀಕ್ಷೆ ಬರೆದರು. ಪಾಸಿಟಿವ್ ಬಂತು. ರುಮಟಾಯ್ಡ್ ಆರ್ಥ್ರೈಟಿಸ್, ಆಮವಾತ ಅಂತ ಹೇಳ್ತಾರಲ್ಲ, ಅದು. ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಗಂಟುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇದ್ದರೂ ಈ ಕಾಯಿಲೆ ಇರಬಹುದಂತೆ. ಶುರುವಿನಲ್ಲಿ ಎಕ್ಸ್‌ರೇಯಲ್ಲೂ ಏನೂ ಕಾಣದೆ ಇರಬಹುದು. ಬೇಗ ಮದ್ದು ಶುರುಮಾಡಿದಷ್ಟೂ ಗಂಟು ಉಳಿಯುತ್ತದೆ.

ಈಗ ರುಮಟಾಲಜಿಸ್ಟ್, ಅಂದರೆ ಗಂಟುವಾತದ ತಜ್ಞರು ಒಬ್ಬರು ನೋಡುತ್ತಿದ್ದಾರೆ. ಇದಕ್ಕೆ ಅವರೇ ಸರಿಯಾದವರು, ಮೂಳೆ ಡಾಕ್ಟರ್ ಅಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ಮೆಥೋಟ್ರೆಕ್ಸೇಟ್ ಮಾತ್ರೆ ಕೊಟ್ಟಿದ್ದಾರೆ. ಇದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ತಗೊಂಡರೆ ಜೀವಕ್ಕೇ ಅಪಾಯ, ಇದನ್ನು ಮನೆಯವರಿಗೂ ಹೇಳಿಡಿ.

ನಿಮಗೂ ಹೀಗೆ ಆಗುತ್ತಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ಕೈಯ ಫೋಟೋ, ಮುಷ್ಟಿ ಹಿಡಿಯಲು ಒದ್ದಾಡುವ ವಿಡಿಯೋ ಮೊಬೈಲಲ್ಲಿ ತೆಗೆದಿಡಿ. ಮಧ್ಯಾಹ್ನ ನೋಡುವ ಡಾಕ್ಟರಿಗೆ ಬೆಳಗಿನ ಕೈ ಕಾಣುವುದಿಲ್ಲ. ಎಷ್ಟು ನಿಮಿಷ ಬಿಗಿ ಇತ್ತು ಅಂತ ಬರೆದಿಡಿ. ಮಾತು ಪೂರ್ತಿ ಕೇಳದೆ ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ, ಅದು ರೋಗಿಯ ಹಕ್ಕು. ಚೀಟಿ, ರಿಪೋರ್ಟ್ ಯಾವುದನ್ನೂ ಎಸೆಯಬೇಡಿ. ದಾಖಲೆ ಆಸ್ಪತ್ರೆಯಲ್ಲೇ ಇದ್ದರೆ ಬರೆದು ಕೇಳಿ. 2002ರ ವೈದ್ಯಕೀಯ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು.

ನಾನು ಹಳೆ ಎಕ್ಸ್‌ರೇ ಇಟ್ಟುಕೊಂಡಿದ್ದೆ. ರುಮಟಾಲಜಿಸ್ಟ್ ಅದನ್ನೂ ಹೊಸದನ್ನೂ ಬೆಳಕಿಗೆ ಹಿಡಿದು ತೋರಿಸಿದರು. ಹಳೆಯದರಲ್ಲಿ ಗಂಟುಗಳೆಲ್ಲ ಸರಿಯಾಗಿದ್ದವು. ಹೊಸದರಲ್ಲಿ ಬಲಗೈಯ ಎರಡು ಬೆರಳ ಮೂಳೆಯ ಅಂಚು ಸವೆದಿತ್ತು.